ಅಬ್ಬನ ಕಲಾಯಿ, ಸಿಂಗಟಗೆರೆಯ ತಪ್ಪಲೆ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಒಂದು ಕಡೆ ನಾನು ಪರಿಚಯವೇ ಇಲ್ಲದ ಹೆಣ್ಣುಮಗಳೊಬ್ಬಳ ಮೇಲೆ ಜನರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡುವುದು ಬರುತ್ತದೆ. ‘ಅಯ್ಯೋ, ಟೀಚರ್ ಆಗಿದ್ದವರು ಹೀಗಾ’ ಅಂತ ಆಗ ಯಾರೂ ಹುಬ್ಬೇರಿಸಬಾರದು. ಟೀಚರ್ ಆಗಿದ್ದಕ್ಕೇ ಹೀಗೆ. ಕಡೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಈ ಸಿಟ್ಟು ನನಗೆ ಅಬ್ಬನಿಂದ, ಅಂದರೆ ನಮ್ಮಪ್ಪನಿಂದ ಬಂದದ್ದು. ಅವರಿಂದಲೇ ಬಂದ ಇನ್ನೊಂದು ಆಸ್ತಿ ಕಲಾಯಿ ಕೆಲಸ. ಅಬ್ಬ ಐವತ್ತು ವರ್ಷ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿದುಕೊಂಡು ಬದುಕಿದವರು. ಇವತ್ತಿನ ಮಕ್ಕಳಿಗೆ ಇದನ್ನೂ ಬಿಡಿಸಿ ಹೇಳಬೇಕು. ಹಿತ್ತಾಳೆ ಪಾತ್ರೆಗೆ ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಆ ಸಾರು ಉಂಡವರಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಒಳಗೆ ತವರದ ತೆಳ್ಳನೆಯ ಬಿಳಿ ಪದರ ಇದ್ದರೆ ಹುಳಿಗೂ ಹಿತ್ತಾಳೆಗೂ ಮುಖಾಮುಖಿಯೇ ಆಗುವುದಿಲ್ಲ. ಆ ಪದರವೇ ಕಲಾಯಿ. ಅಡುಗೆ ಮಾಡಿದಂತೆಲ್ಲ ಅದು ಸವೆಯುತ್ತದೆ, ಮತ್ತೆ ಹಾಕಿಸಬೇಕು. ಸೈಕಲ್ಲಿನ ಹಿಂದೆ ತಿದಿ ಕಟ್ಟಿಕೊಂಡು ಅಬ್ಬ ಸಿಂಗಟಗೆರೆ ಕಡೆ ಹೋಗುತ್ತಿದ್ದರು, ರೈಲು ಹತ್ತಿ ಶಿವನಿ ಅನ್ನುವ ಊರಿಗೆ ಹೋಗುತ್ತಿದ್ದರು, ಅಣೆಕಟ್ಟಿನ ಕ್ವಾರ್ಟರ್ಸ್ ಮನೆಗಳ ಪಾತ್ರೆಗಾಗಿ ಲಕ್ಕವಳ್ಳಿಗೂ ಹೋಗುತ್ತಿದ್ದರು. ಹಳ್ಳಿಯ ಅರಳಿಕಟ್ಟೆ ಪಕ್ಕ ನೆಲದಲ್ಲಿ ಒಂದು ಗುಣಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಗಾಳಿ ಊದಿದರೆ ಅವರ ಅಂಗಡಿ ತೆರೆದಂತೆ.

ಶಾಲೆಗೆ ರಜೆ ಬಂದರೆ ನಾನೂ ಜೊತೆಗೆ. ಪಾತ್ರೆಯೊಳಗೆ ಮರಳು ಹಾಕಿ, ಅದರ ಮೇಲೆ ಗೋಣಿ ತುಂಡು ಹಾಕಿ, ನಾನು ಒಳಗೆ ನಿಂತು ಮರದ ಕೊಂಬೆ ಹಿಡಿದು ಸೊಂಟ ತಿರುಗಿಸುತ್ತಾ ಕಾಲಲ್ಲೇ ಉಜ್ಜಬೇಕು. ಹಳ್ಳಿಯ ಮಕ್ಕಳು ಸುತ್ತ ನಿಂತು ನಗುತ್ತಿದ್ದವು. ಆಮೇಲೆ ತಿದಿ ಒತ್ತುವುದು ಕಲಿತೆ, ಆಮೇಲೆ ಹತ್ತಿಯಲ್ಲಿ ತವರ ಒರೆಸುವುದು, ಕೊನೆಗೆ ಪೂರ್ತಿ ಕಲಾಯಿ. ಹೆಣ್ಣುಮಗಳ ಕೈಯಲ್ಲಿ ಇದೆಲ್ಲ ಯಾಕೆ ಮಾಡಿಸುತ್ತೀಯ ಅಂತ ನೆಂಟರು ಕೇಳಿದಾಗ ಅಬ್ಬ, “ಹಾಕಿದ್ದು ಹೆಣ್ಣೋ ಗಂಡೋ ಅಂತ ಪಾತ್ರೆ ಕೇಳಲ್ಲ” ಅಂದಿದ್ದರು. ಹಾಗಂತ ಒಂದು ದಿನವೂ ಹೊಗಳಿದವರಲ್ಲ. ನಾನು ಮುಗಿಸಿದ ಪಾತ್ರೆಯೊಳಗೆ ತೋರುಬೆರಳು ಆಡಿಸುತ್ತಾ ಹೋಗಿ, ಎಲ್ಲಾದರೂ ಒಂದು ಕಡೆ ನಿಲ್ಲಿಸಿ, “ಇಲ್ಲಿ ಬಿಟ್ಟಿದೀಯ” ಅನ್ನುತ್ತಿದ್ದರು. ಎಷ್ಟು ಚೆನ್ನಾಗಿ ಹಾಕಿದರೂ ಒಂದು ‘ಇಲ್ಲಿ’ ಇದ್ದೇ ಇರುತ್ತಿತ್ತು. ಪಿಯುಸಿಯಲ್ಲಿ ಕನ್ನಡಕ್ಕೆ ತಾಲ್ಲೂಕಿಗೇ ಮೊದಲು ಬಂದಾಗಲೂ ಅಬ್ಬ ಅಂಕಪಟ್ಟಿ ಹಿಡಿದು ಇಂಗ್ಲಿಷಿನ ಮೇಲೆ ಬೆರಳಿಟ್ಟಿದ್ದರು!

ಅವರದೇ ಇನ್ನೊಂದು ಪದ್ಧತಿ ಇತ್ತು. ಅಡುಗೆಯ ದೊಡ್ಡ ಪಾತ್ರೆಯಾದರೆ ಆ ಮನೆಯ ಮುಂದೆಯೇ ಗುಣಿ ತೋಡಿ ಕಲಾಯಿ ಹಾಕಿ, ಮನೆಯವರಿಂದ ಗಟ್ಟಿಯಾಗಿ ಹುಣಸೆ ಹುಳಿ ಕಿವುಚಿಸಿ ಅದಕ್ಕೆ ಹೊಯ್ಯಿಸುತ್ತಿದ್ದರು. ಕಾಲು ಗಂಟೆ ಬಿಟ್ಟು, ಎಲ್ಲರ ಎದುರಿಗೆ ಅದರಲ್ಲೊಂದು ಬೊಗಸೆ ತಾವೇ ಕುಡಿಯುತ್ತಿದ್ದರು. ಕಲಾಯಿ ಎಲ್ಲಾದರೂ ಬಿಟ್ಟಿದ್ದರೆ ನಾಲಿಗೆಗೆ ಒಗರು ಹತ್ತುತ್ತದೆ. “ನನಗೇನೂ ಆಗ್ಲಿಲ್ಲ, ನಿಮಗೂ ಏನೂ ಆಗಲ್ಲ, ತಗೊಂಡ್ ಹೋಗಿ” ಅಂತ ಪಾತ್ರೆ ಕೊಡುತ್ತಿದ್ದರು. ಪಾತ್ರೆ ಮನೆಯೊಳಗೆ ಹೋಗುತ್ತಿತ್ತು. ಕೆಲವು ಮನೆಗಳಲ್ಲಿ ಒಳಗೆ ಹೋದ ಗಳಿಗೆಗೇ ನೀರು ಸುರಿಯುವ ಸದ್ದು, ತಿಕ್ಕುವ ಸದ್ದು ಕೇಳುತ್ತಿತ್ತು. ಸಾಬರು ಕೈಯದ್ದಿ ಕುಡಿದ ಪಾತ್ರೆ ಅಲ್ಲವೇ, ಅದಕ್ಕೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಬ್ಬ ತಿದಿ ಬಿಚ್ಚುತ್ತಾ, “ತೊಳೀಲಿ ಬಿಡೇ. ಬೂದಿ ಹಾಕಿ ಉಜ್ಜದೇ ಇದ್ರೆ ಸಾಕು, ಕಲಾಯಿ ಹೋಗ್ತದೆ” ಅನ್ನುತ್ತಿದ್ದರು. ಉಂಡು ಹೋಗಿ ಅಂತ ಕರೆದ ಮನೆಗಳೂ ಬೇಕಾದಷ್ಟಿದ್ದವು. ಅಲ್ಲಿ ಅಬ್ಬನೇ ಕೂರುತ್ತಿರಲಿಲ್ಲ, ಚೀಲದ ರೊಟ್ಟಿ ತಿಂದು ಸೈಕಲ್ ಹತ್ತುತ್ತಿದ್ದರು. ಹಾಗಾಗಿ ಐವತ್ತು ವರ್ಷ ಅವರು ಜನರ ಪಾತ್ರೆಗಳಿಂದ ಹುಳಿ ಕುಡಿದರೇ ಹೊರತು ಆ ಪಾತ್ರೆಗಳಲ್ಲಿ ಬೆಂದ ಸಾರು ಉಣ್ಣಲಿಲ್ಲ.

ಸ್ಟೀಲ್ ಬಂತು, ಕುಕ್ಕರ್ ಬಂತು, ನಮ್ಮ ಮದುವೆಗಳಲ್ಲಿ ಬಿರಿಯಾನಿ ಬೇಯಿಸುವ ದೇಗುಗಳೂ ಅಲ್ಯೂಮಿನಿಯಂ ಆದವು. ಅಬ್ಬನ ತಿದಿ ಹಿತ್ತಲ ಕೋಣೆಯ ಗೂಟಕ್ಕೆ ಏರಿತು. ಈಗ ಅವರಿಗೆ ಎಂಬತ್ತೈದರ ಹತ್ತಿರ ವಯಸ್ಸು, ಬಲಗೈ ನಡುಗುತ್ತದೆ. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾರೆ.

ಹೋದ ಚಳಿಗಾಲ ನನಗೊಂದು ಫೋನ್ ಬಂತು. ತರೀಕೆರೆಯಿಂದ ಸ್ವಲ್ಪ ದೂರದಲ್ಲಿರುವ ಹೊಯ್ಸಳರ ಕಾಲದ ಗುಡಿಯ ಹತ್ತಿರ, ಪ್ರವಾಸಿಗಳಿಗೆ ನಮ್ಮ ಕಡೆಯ ಹಳೆಯ ಕೈಕೆಲಸ, ಹಳೆಯ ಅಡುಗೆ ಎರಡನ್ನೂ ಮಾಡಿ ತೋರಿಸುತ್ತಾರಂತೆ. ಕಂಬಳಿ ನೇಯುವವರು ಬರುತ್ತಾರೆ, ಮಡಕೆ ಮಾಡುವವರು ಬರುತ್ತಾರೆ, ಕಲಾಯಿಯವರು ಮಾತ್ರ ಎಲ್ಲೂ ಸಿಗುತ್ತಿಲ್ಲ, ನೀವು ಬರಬೇಕು ಅಂದರು. ನನಗೆ ಕುಣಿಯುವಷ್ಟು ಖುಷಿ. ಅಬ್ಬನ ಮುಂದೆ ಹೇಳಿದರೆ ಅವರು ಟಿವಿಯಿಂದ ಕಣ್ಣು ಸಹ ತೆಗೆಯಲಿಲ್ಲ.

“ಯಾರ ಪಾತ್ರೆಗೆ ಹಾಕ್ತೀಯ?”

“ಅವರೇ ಕೊಡ್ತಾರಂತೆ ಅಬ್ಬಾ. ಪುಟ್ಟ ಪುಟ್ಟ ತಾಮ್ರದ ಚೊಂಬು.”

“ಅದರಲ್ಲಿ ಯಾರು ಅಡುಗೆ ಮಾಡ್ತಾರೆ?”

ಯಾರೂ ಮಾಡುವುದಿಲ್ಲ, ನೋಡುವುದಕ್ಕೆ ಅಷ್ಟೇ ಅಂದೆ. ಅವರು ಟಿವಿ ಆಫ್ ಮಾಡಿದರು. “ಹಂಗಾದ್ರೆ ಅದು ಕಲಾಯಿ ಅಲ್ಲ, ಬಣ್ಣ. ಕಲಾಯಿ ಅಂದ್ರೆ ಜನ ಉಣ್ಣಬೇಕು ಅದರಲ್ಲಿ. ನಾನು ಸಾಯೋದ್ರೊಳಗೆ ನೀನು ಹಾಕಿದ ಒಂದು ಪಾತ್ರೇಲಿ ನಾಲ್ಕು ಜನ ಉಣ್ಣೋದು ನೋಡ್ಬೇಕು ಅಂತ ನನಗೆ ಆಸೆ. ಈ ತಮಾಷೆ ನೋಡೋಕೆ ಬರಲ್ಲ, ಹೋಗು.”

ಎಂದೂ ಏನನ್ನೂ ಕೇಳದ ಮನುಷ್ಯ ಆಸೆ ಅನ್ನುವ ಮಾತಾಡಿದ್ದು ನನಗೆ ಚುರುಕ್ ಅಂತು. ಅಲ್ಲಿ ಅಡುಗೆಯವರೂ ಇರುತ್ತಾರೆ, ಹಿತ್ತಾಳೆ ಪಾತ್ರೆ ತಂದೇ ತರುತ್ತಾರೆ, ಒಂದಕ್ಕಾದರೂ ಹಾಕುತ್ತೇನೆ ಅಂತ ಹುಡುಗರಿಗೆ ಸಮಾಧಾನ ಹೇಳುವ ಹಾಗೆ ಹೇಳಿ ಒಪ್ಪಿಸಿದೆ. ಒಪ್ಪಿಸಿದೆನೇನೋ ನಿಜ, ಅಂಥ ಪಾತ್ರೆ ಸಿಗುತ್ತದೆ ಅನ್ನುವ ಧೈರ್ಯ ನನಗೇ ಇರಲಿಲ್ಲ.

ತರೀಕೆರೆಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಗುಡಿಗೆ ಇಳಿದಾಗ ಬೆಳಿಗ್ಗೆ ಎಂಟೂವರೆ. ಕಲ್ಲಿನ ಗುಡಿಗೆ ಹೊಗೆ ತಾಗಬಾರದೆಂದು ಬೆಂಕಿಯ ಕೆಲಸದವರಿಗೆಲ್ಲ ಕಾಂಪೌಂಡಿನ ಆಚೆ, ಮರಗಳ ಕೆಳಗೆ ಜಾಗ ಕೊಟ್ಟಿದ್ದರು. ಸರಿಯಾದ ಮಾತೇ. ಕೊರಳಲ್ಲಿ ಟ್ಯಾಗ್ ಹಾಕಿಕೊಂಡಿದ್ದ ಚುರುಕು ಹುಡುಗಿಯೊಬ್ಬಳು ಎಲ್ಲದರ ಉಸ್ತುವಾರಿ. ಅವಳು ಅಬ್ಬನಿಗೆ ಕುರ್ಚಿ ಹಾಕಿಸಿದಳು, ನನ್ನ ಮುಂದೆ ಹನ್ನೆರಡು ಚೊಂಬು ಸಾಲಾಗಿ ಇಟ್ಟಳು. “ಮೇಡಂ, ಅರ್ಧ ಗಂಟೆಗೆ ಒಂದೆರಡು ಮಾಡಿದ್ರೆ ಸಾಕು. ಬೇರೆ ಬೇರೆ ಬ್ಯಾಚ್ ಬರ್ತಾ ಇರುತ್ತೆ. ಆಮೇಲೆ ಇವನ್ನೆಲ್ಲ ಗೆಸ್ಟ್‌ಗಳಿಗೆ ಗಿಫ್ಟ್ ಕೊಡ್ತೀವಿ, ಶೋಕೇಸಲ್ಲಿ ಇಟ್ಕೊಳ್ತಾರೆ.”

ಶೋಕೇಸ್ ಅನ್ನುವ ಮಾತು ಕೇಳಿ ಅಬ್ಬ ನನ್ನ ಕಡೆ ನೋಡಿದ ನೋಟವನ್ನು ನಾನು ಬರೆಯಲಾರೆ.

ಕೆಲಸ ಮಾತ್ರ ಭರ್ಜರಿಯಾಗಿ ನಡೆಯಿತು, ಸುಳ್ಳು ಯಾಕೆ ಹೇಳಲಿ. ಕಾದ ಚೊಂಬಿಗೆ ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಬುಸ್ಸೆಂದು ಏಳುತ್ತದೆ. ಆ ಹೊಗೆಯೊಳಗೇ ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಕೆಂಪು ತಾಮ್ರ ಕಣ್ಣೆದುರೇ ಬೆಳ್ಳಗಾಗುತ್ತದೆ. ಜನ ‘ಓಹ್’ ಅಂದರು, ಮೊಬೈಲ್ ಎತ್ತಿದರು. ನನಗೂ ಜಂಬ ಬಂತು. ಇನ್ನೂ ಹೊಳೆಯಲಿ ಅಂತ ತವರವನ್ನು ಬೇಕಾದ್ದಕ್ಕಿಂತ ದಪ್ಪ ಹಾಕಿದೆ. ಬೆರಳಿನಷ್ಟು ಉದ್ದದ ಹತ್ತು ಕಡ್ಡಿ ತಂದಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಎಂಟು ಚೊಂಬು ಮುಗಿದಿದ್ದವು, ಒಂದೂವರೆ ಕಡ್ಡಿ ಉಳಿದಿತ್ತು. ಅಬ್ಬ ಒಂದು ಚೊಂಬನ್ನೂ ಮುಟ್ಟಿ ನೋಡಲಿಲ್ಲ.

ನಮ್ಮ ಎಡಗಡೆಯ ಮರದ ಕೆಳಗೆ ಸಿಂಗಟಗೆರೆಯಿಂದ ಬಂದಿದ್ದ ಒಕ್ಕಲುತನದ ಮನೆಯ ಹೆಂಗಸು. ನಲವತ್ತು ದಾಟಿರಬಹುದು. ಗಟ್ಟಿ ಆಳು. ಬೆಳಿಗ್ಗೆಯಿಂದ ಮರದ ಒರಳಿನಲ್ಲಿ ಶಾವಿಗೆ ಒತ್ತುತ್ತಿದ್ದಳು. ಮೇಲಿನ ಹಿಡಿಯ ಮೇಲೆ ಅವಳು ಒರಗಿ ಭಾರ ಬಿಟ್ಟರೆ ಕೆಳಗೆ ಶಾವಿಗೆ ಸರಸರ ಇಳಿಯುತ್ತಿತ್ತು. ಪಕ್ಕದಲ್ಲಿ ಅವಳದೇ ತೋಟದ ತೆಂಗಿನಕಾಯಿ ಹಿಂಡಿದ ಕಾಯಿಹಾಲು. ಮಧ್ಯಾಹ್ನದ ಊಟಕ್ಕೆ ರಾಗಿ ಮುದ್ದೆ, ಹುರುಳಿಕಾಳಿನ ಸಾರು ಕೂಡ ಅವಳದೇ. ಮೊದಲ ಸಲ ಮನೆಯ ಹೊರಗೆ ಇಷ್ಟು ಜನಕ್ಕೆ ಅಡುಗೆ ಮಾಡುತ್ತಿದ್ದೇನೆ ಅಂತ ಬೆಳಿಗ್ಗೆಯೇ ನನಗೆ ಹೇಳಿದ್ದಳು. ಹುರುಳಿ ದೊಡ್ಡ ಮಡಕೆಯಲ್ಲಿ ಬೆಂದಿತ್ತು. ಆಗ ಅವಳು ಗೋಣಿಚೀಲ ಬಿಚ್ಚಿ ಒಂದು ಹಿತ್ತಾಳೆ ತಪ್ಪಲೆ ಹೊರಗೆ ತೆಗೆದು ಒಲೆಯ ಪಕ್ಕ ಇಟ್ಟಳು. ಮೂವತ್ತು ನಲವತ್ತು ಜನಕ್ಕೆ ಸಾರು ಹಿಡಿಯುವಂಥ ಹಳೆಯ ಕಾಲದ ತಪ್ಪಲೆ. ಬಿಸಿಲಿಗೆ ಅದು ಹೊರಗೂ ಒಳಗೂ ಧಗಧಗ ಹೊಳೆಯಿತು.

ಒಳಗೂ. ಒಳಗೆ ಒಂದು ಚುಕ್ಕೆ ಬಿಳುಪಿಲ್ಲ, ಬರೀ ಹಳದಿ. ಅವಳು ಹುಣಸೆ ಹುಳಿಯ ಪಾತ್ರೆ ಎತ್ತಿ ಬಗ್ಗಿಸುತ್ತಿದ್ದಳು.

“ಏಯ್! ನಿಲ್ಸು! ಹುಳಿ ಹಾಕ್ಬೇಡ! ಜನರನ್ನ ಸಾಯಿಸ್ತೀಯೇನು?”

ಮೂರು ಕ್ಲಾಸ್‌ರೂಮಿಗೆ ಕೇಳುವ ದನಿ ನನ್ನದು. ಕಂಬಳಿ ನೇಯುತ್ತಿದ್ದವರ ಕೈ ನಿಂತಿತು. ಪ್ರವಾಸಿಗಳೆಲ್ಲ ತಿರುಗಿದರು, ಮೊಬೈಲುಗಳೂ ಅವಳ ಕಡೆ ತಿರುಗಿದವು. ಅವಳು ಹುಳಿ ಹಿಡಿದುಕೊಂಡೇ ಕಲ್ಲಾಗಿ ನಿಂತಳು. ನಾನು ಇಕ್ಕಳ ಬಿಸಾಡಿ ಓಡಿಹೋಗಿ, ಕಲಾಯಿ ಎಲ್ಲಿ, ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡವಾ ಅಂತ ಬಾಯಿಗೆ ಬಂದಂತೆ ಅಂದೆ.

“ಕಪ್ಪು ಹಿಡಿದಿತ್ತು ಕಣ್ರೀ ಒಳಗೆ,” ಅಂದಳು ಅವಳು. “ನಮ್ಮತ್ತೆ ಕಾಲದ್ದು. ನಾನು ಮದ್ವೆ ಆಗಿ ಬಂದಾಗ್ಲಿಂದ ಅಟ್ಟದ ಮೇಲೇ ಇತ್ತು. ಇಲ್ಲಿಗೆ ತರ್ಬೇಕು ಅಂತ ಇಳಿಸ್ದೆ. ಕೊಳಕು ಅಂದ್ಕಂಡು ಎರಡು ದಿನ ಕೂತು ಉಜ್ಜಿದೀನಿ. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಎಲ್ಲಾ ಹಾಕ್ದೆ. ನೋಡಿ ನನ್ ಕೈಯ.”

ಕೈ ತೋರಿಸಿದಳು. ಬೆರಳಿನ ತುದಿಗಳೆಲ್ಲ ಸುಲಿದು ಕೆಂಪಾಗಿದ್ದವು. ಅಟ್ಟದ ಮೇಲೆ ಕಪ್ಪಾಗಿ ಹೋಗಿದ್ದ ಹಳೆಯ ಕಲಾಯಿಯನ್ನು ಕೊಳಕು ಅಂದುಕೊಂಡು ಪೂರ್ತಿ ತೆಗೆದುಬಿಟ್ಟಿದ್ದಳು. ಸ್ಟೀಲ್ ಪಾತ್ರೆಯ ಕಾಲದಲ್ಲಿ ಸೊಸೆಯಾಗಿ ಬಂದವಳು, ಅವಳಿಗೆ ಯಾರು ಹೇಳಿಕೊಡಬೇಕಿತ್ತು? ನಮ್ಮಂಥವರೇ ಹಳ್ಳಿಗೆ ಹೋಗುವುದು ಬಿಟ್ಟೆವು. ನನ್ನ ಸಿಟ್ಟು ಜರ್ರನೆ ಇಳಿಯಿತು, ಅದರ ಜಾಗಕ್ಕೆ ನಾಚಿಕೆ ಬಂತು.

ಟ್ಯಾಗ್ ಹುಡುಗಿ ಓಡಿ ಬಂದಳು. ಅವಳಿಗೆ ಒಂದು ಗಂಟೆಗೆ ಊಟ ಬಡಿಸುವ ಚಿಂತೆ. “ಪರವಾಗಿಲ್ಲ, ಪರವಾಗಿಲ್ಲ. ಹಿಂದೆ ಸ್ಟೀಲ್ ಪಾತ್ರೆ ಇದೆ, ಸಾರು ಅದರಲ್ಲಿ ಮಾಡಿ. ಇದನ್ನ ಮುಂದೆ ಇಡೋಣ. ಫೋಟೋಗೆ ಇದು ತುಂಬಾ ಚೆನ್ನಾಗಿದೆ.”

ಸಿಂಗಟಗೆರೆಯವಳು ತಲೆ ತಗ್ಗಿಸಿ ಹೂಂ ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟರಲ್ಲಿ ಹಿಂದಿನಿಂದ ಕೋಲಿನ ಟಕ್ ಟಕ್ ಕೇಳಿತು. ಅಬ್ಬ ಎದ್ದು ಬಂದಿದ್ದರು. ತಪ್ಪಲೆಯ ಪಕ್ಕ ಕಷ್ಟಪಟ್ಟು ಕೂತರು, ಅದನ್ನು ತಿರುಗಿಸಿ ನೋಡಿದರು, ಭುಜದ ಹತ್ತಿರ ಇದ್ದ ಒಂದು ನೆಗ್ಗನ್ನು ಹೆಬ್ಬೆರಳಿನಿಂದ ಸವರಿದರು.

“ಸಿಂಗಟಗೆರೆ. ಕೆರೆ ಏರಿ ಇಳಿದ ಕೂಡ್ಲೇ ಎಡಗಡೆ. ಮುಂದೆ ಹುಣಸೆ ಮರ. ಹೌದಾ ತಾಯಿ?”

ಅವಳು ಬೆಚ್ಚಿಬಿದ್ದಳು. “ಹೌದು! ನಿಮಗ್ ಹೆಂಗ್ ಗೊತ್ತು ಸಾಬ್ರೇ?”

“ಈ ನೆಗ್ಗು ನನ್ನ ಸೈಕಲ್ ಬಿದ್ದು ಆಗಿದ್ದು. ನಿಮ್ಮತ್ತೆ ಬೈದ ಬೈಗುಳ ಇನ್ನೂ ಕಿವೀಲಿದೆ.” ಆಮೇಲೆ ತಪ್ಪಲೆಯೊಳಗೆ ಕೈ ಆಡಿಸಿ ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದರು. “ಕಲಾಯಿ ಹಾಕೋಕೆ ಮುಂಚೆ ಹಳೇದನ್ನ ಪೂರ್ತಿ ತೆಗೀಬೇಕು. ಕೆಲಸದಲ್ಲಿ ಅರ್ಧ ಅದೇ. ನನ್ನ ಮಗಳು ಕಾಲಲ್ಲಿ ಕುಣಿದು ಉಜ್ತಿದ್ಲು, ಆದ್ರೂ ಇಷ್ಟು ಚೆನ್ನಾಗಿ ಒಂದು ದಿನಾನೂ ಉಜ್ಜಲಿಲ್ಲ. ನೀವು ತಪ್ಪು ಮಾಡಿಲ್ಲ ತಾಯಿ, ನಮ್ಮ ಅರ್ಧ ಕೆಲಸ ಮಾಡ್ಕೊಂಡು ಬಂದಿದೀರ.”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕಳು. ಅಬ್ಬ ನನ್ನ ಕಡೆ ತಿರುಗಿದರು. “ಏನು ನೋಡ್ತಾ ನಿಂತಿದೀಯ? ಪಾತ್ರೆ ಸಿಗ್ತದೆ ಅಂದಿದ್ಯಲ್ಲ, ಬಂತು. ಹಾಕು.”

ನನ್ನ ಬಳಿ ಇದ್ದದ್ದು ಒಂದೂವರೆ ಕಡ್ಡಿ. ಈ ತಪ್ಪಲೆಗೆ ತಳ ಮುಗಿಯುವಷ್ಟರಲ್ಲೇ ಅದು ಖಾಲಿ. ತವರ ಸಾಲದು ಅಂತ ಮೆಲ್ಲಗೆ ಹೇಳಿದೆ. ಅಬ್ಬ ಸಾಲಾಗಿ ಹೊಳೆಯುತ್ತಿದ್ದ ಎಂಟು ಚೊಂಬುಗಳ ಕಡೆ ಕೋಲು ತೋರಿಸಿದರು.

“ಅಲ್ಲಿದೆಯಲ್ಲ, ಸೇರುಗಟ್ಲೆ ಬಳಿದಿದೀಯಲ್ಲ. ಕಾಯಿಸಿ ಕೊಡವು.”

“ಅಯ್ಯೋ, ಅದು ಗಿಫ್ಟ್!” ಅಂತ ಟ್ಯಾಗ್ ಹುಡುಗಿ ಚೊಂಬುಗಳಿಗೆ ಅಡ್ಡ ನಿಂತಳು. “ಗೆಸ್ಟ್‌ಗಳಿಗೆ ಏನು ಕೊಡ್ಲಿ ಮೇಡಂ?”

“ಸಾರು ಕೊಡಿ,” ಅಂದೆ.

ಅವಳು ಒಂದು ನಿಮಿಷ ನನ್ನನ್ನು, ಒಂದು ನಿಮಿಷ ಗಡಿಯಾರವನ್ನು ನೋಡಿದಳು. ಆಮೇಲೆ ತಾನೇ ಎರಡು ಚೊಂಬು ಎತ್ತಿ ನನ್ನ ಕೈಗೆ ಕೊಟ್ಟಳು. ಆ ಹುಡುಗಿಯ ಮೇಲೆ ಆ ಗಳಿಗೆಯಲ್ಲಿ ನನಗೆ ಬಂದ ಪ್ರೀತಿ ಇನ್ನೂ ಹೋಗಿಲ್ಲ.

ಒಂದೊಂದೇ ಚೊಂಬನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಕಾಯಿಸಿದೆ. ದಪ್ಪಗೆ ಕೂತಿದ್ದ ತವರ ಕರಗಿ ತಳಕ್ಕೆ ಇಳಿಯಿತು. ಕಲ್ಲಿನ ಮೇಲೆ ಕೊಡವಿದರೆ ಬಿಳಿ ಗುಂಡುಗಳಾಗಿ ಉದುರಿತು. ನನ್ನ ಬೆಳಗಿನ ಜಂಬವೆಲ್ಲ ಅಲ್ಲಿ ಒಟ್ಟಾಯಿತು. ಸಿಂಗಟಗೆರೆಯವಳು ಕೇಳದೆಯೇ ತಿದಿಯ ಮುಂದೆ ಕೂತಿದ್ದಳು. ಶಾವಿಗೆ ಒತ್ತಿ ಪಳಗಿದ ತೋಳು. ಅವಳು ಒತ್ತಿದರೆ ಇದ್ದಿಲು ಗುಯ್ಯೆಂದು ಕೆಂಪೇರುತ್ತಿತ್ತು.

“ಸಾಕು, ಸಾಕು. ಜಾಸ್ತಿ ಕಾದ್ರೆ ತವರ ಹಳದಿ ತಿರುಗ್ತದೆ,” ಅಂತ ಅಬ್ಬ. “ಈಗ ಒತ್ತು. ಈಗ ಬಿಡು. ಪಾತ್ರೆ ವಾಲಿಸೇ. ಎಡಕ್ಕೆ, ನಿನ್ನ ಎಡಕ್ಕಲ್ಲ, ಪಾತ್ರೆ ಎಡಕ್ಕೆ!”

ಐವತ್ತು ವರ್ಷದ ಕೆಲಸವೆಲ್ಲ ಅವರ ಬಾಯಿಗೆ ಬಂದಿತ್ತು. ನಾನು ಅವರ ಕೈಯಾಗಿದ್ದೆ. ದೊಡ್ಡ ಪಾತ್ರೆಯನ್ನು ಒಮ್ಮೆಗೇ ಕಾಯಿಸಲು ಆಗುವುದಿಲ್ಲ, ಒಂದೊಂದೇ ಭಾಗ ಕೆಂಡಕ್ಕೆ ತಿರುಗಿಸುತ್ತಾ ಹೋಗಬೇಕು. ಕಡ್ಡಿ ತಾಗಿಸಿದರೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಎಳೆದ ಹಾಗೆ ತವರ ಎಳೆಯಬೇಕು. ನವಸಾಗರದ ಹೊಗೆಗೆ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಸೊಂಟ ಬಿದ್ದುಹೋಗುತ್ತಿತ್ತು. ಅರವತ್ತು ದಾಟಿದ ಹೆಂಗಸು ನಾನು, ಇನ್ನೇನು! ತಳ ಬೆಳ್ಳಗಾಯಿತು, ಪಕ್ಕೆ ಬೆಳ್ಳಗಾಯಿತು. ಕಡ್ಡಿ ಮುಗಿಯಿತು. ಕಲ್ಲಿನ ಮೇಲಿನ ಗುಂಡುಗಳನ್ನು ಒಂದೊಂದಾಗಿ ಹಾಕುತ್ತಾ, ಹತ್ತಿಯಲ್ಲಿ ತೆಳುವಾಗಿ, ಇನ್ನೂ ತೆಳುವಾಗಿ ಎಳೆದೆ. ಕಂಠದ ಹತ್ತಿರ ಬಂದಾಗ ಕೊನೆಯ ಗುಂಡು. ಅದು ಅಲ್ಲಿಗೆ ಸರಿಹೋಯಿತು. ತಣ್ಣೀರು ಎರಚಿದಾಗ ತಪ್ಪಲೆ ಚೊಂಯ್ ಅಂತು, ಸುತ್ತ ನಿಂತಿದ್ದ ಜನ ಚಪ್ಪಾಳೆ ಹೊಡೆದರು. ಮೊಬೈಲು ಯಾರು ಹಿಡಿದಿದ್ದರೋ ನನಗೆ ಗೊತ್ತಿಲ್ಲ, ನಾನು ಅಬ್ಬನ ಬೆರಳು ನೋಡುತ್ತಿದ್ದೆ.

ಅವರು ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ತೋರುಬೆರಳನ್ನು ಒಳಗೆ ಇಳಿಸಿದರು. ತಳದಲ್ಲಿ ಒಂದು ಸುತ್ತು. ಪಕ್ಕೆಯಲ್ಲಿ ಒಂದು ಸುತ್ತು. ನೆಗ್ಗಿನ ಹಿಂದೆ ಬೆರಳು ನಿಂತಿತು. ಅಲ್ಲೇ ಇರುತ್ತದೆ ‘ಇಲ್ಲಿ’, ಅಂತ ನಾನು ಹತ್ತಿ ಕೈಗೆತ್ತಿಕೊಂಡೆ. ಬೆರಳು ಮುಂದೆ ಹೋಯಿತು. ಕಂಠ ಮುಟ್ಟಿ ಹೊರಗೆ ಬಂತು. ಅಬ್ಬ ಅಂಗಿಗೆ ಬೆರಳು ಒರೆಸಿಕೊಂಡು, “ಹುಳಿ ಹುಯ್ಯಿ ತಾಯಿ” ಅಂದರು.

ಸಿಂಗಟಗೆರೆಯವಳು ತನ್ನ ಹುಣಸೆ ಹುಳಿಯಲ್ಲಿ ಅರ್ಧ ಹೊಯ್ದಳು. ಕಾಲು ಗಂಟೆ ಕಾದೆವು. ಅಷ್ಟು ಹೊತ್ತು ಅವಳೇ ಮಾತಾಡಿದಳು. “ನಮ್ಮತ್ತೆ ಹೇಳ್ತಿದ್ರು, ಕಡೂರಿಂದ ಕಲಾಯಿ ಸಾಬ್ರು ಬತ್ತಿದ್ರ​ಂತೆ, ಹುಳಿ ಕುಡ್ದು ತೋರುಸ್ತಿದ್ರ​ಂತೆ ಅಂತ. ನಾನು ಕಥೆ ಅಂದ್ಕಂಡಿದ್ದೆ ಕಣ್ರೀ. ನೀವೇನಾ ಅದು!”

ನನಗೆ ಆ ಹುಣಸೆ ಮರದ ಮನೆ ಚೆನ್ನಾಗಿ ನೆನಪಿತ್ತು. ತಪ್ಪಲೆ ಒಳಗೆ ಹೋದ ಗಳಿಗೆಗೇ ನೀರಿನ ಸದ್ದು ಕೇಳುತ್ತಿದ್ದ ಮನೆಗಳಲ್ಲಿ ಅದೂ ಒಂದು. ಅಬ್ಬನಿಗೆ ನೆನಪಿಲ್ಲದೆ ಇರುತ್ತದೆಯೇ? ನೆಗ್ಗು ನೆನಪಿದ್ದವರಿಗೆ ಅದು ನೆನಪಿರಲೇಬೇಕು. ಅವರು ಅತ್ತೆಯ ಬೈಗುಳದ ಮಾತು ಆಡಿ ನಕ್ಕರೇ ಹೊರತು ಇದರ ಸುದ್ದಿ ಎತ್ತಲಿಲ್ಲ. ನಾನಾಗಿದ್ದರೆ ಎತ್ತುತ್ತಿದ್ದೆ.

ಕಾಲು ಗಂಟೆಯಾಯಿತು. ಟ್ಯಾಗ್ ಹುಡುಗಿ, “ಅಜ್ಜಾ, ಬೇಡ, ಏನಾದ್ರೂ ಆದ್ರೆ?” ಅಂದಳು. ಅಬ್ಬ ಅವಳ ಮಾತಿಗೆ ನಕ್ಕು, ತಪ್ಪಲೆಗೆ ಕೈಯದ್ದಿ, ಎರಡೂ ಕೈ ಸೇರಿಸಿ ಎತ್ತಿ ಕುಡಿದರು. ಅರ್ಧ ಗಡ್ಡಕ್ಕೆ ಸೋರಿತು. ನಾಲಿಗೆ ಚಪ್ಪರಿಸಿ ಒಂದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. “ನನಗೇನೂ ಆಗ್ಲಿಲ್ಲ,” ಅಂದರು. “ನಿಮಗೂ ಏನೂ ಆಗಲ್ಲ.”

ಸಿಂಗಟಗೆರೆಯವಳು ತಪ್ಪಲೆ ಎತ್ತಲು ಬಗ್ಗಿ, ತಲೆಯೆತ್ತಿ ಕೇಳಿದಳು. “ಈಗ ಇದನ್ನ ತೊಳೀಬೇಕಾ?”

ಅವಳು ಕೇಳಿದ್ದು ಕಲಾಯಿಯ ವಿಷಯ ಗೊತ್ತಿಲ್ಲದೆ, ಅಷ್ಟೇ. ಆದರೂ ನನಗೆ ಆ ಹಳೆಯ ನೀರಿನ ಸದ್ದು ಮತ್ತೆ ಕೇಳಿದಂತಾಯಿತು. ಅಬ್ಬ ಅವಳ ಮುಖ ನೋಡಿ, ಮೆಲ್ಲಗೆ, “ನಿಮ್ಮಿಷ್ಟ ತಾಯಿ. ಉಜ್ಜಬೇಡಿ, ಅಷ್ಟೇ” ಅಂದರು.

ಅವಳು ಅಬ್ಬನನ್ನು ನೋಡಿದಳು, ಅವರ ಗಡ್ಡದಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ಹುಳಿ ನೋಡಿದಳು. ಅವಳಿಗೆ ಏನು ಹೊಳೆಯಿತೋ, ಹೊಳೆಯಲಿಲ್ಲವೋ ನಾನು ಹೇಳಲಾರೆ. ಸುಲಿದ ಬೆರಳಿನ ಕೈಯನ್ನೇ ತಪ್ಪಲೆಗೆ ಅದ್ದಿ, ಅವರು ಕುಡಿದ ಹುಳಿಯನ್ನೇ ಒಂದು ಬೊಗಸೆ ಕುಡಿದಳು. ಬೆರಳು ಉರಿದು ಒಂದು ಕಣ್ಣು ಮುಚ್ಚಿಹೋಯಿತು, ಮುಖ ಕಿವುಚಿತು.

“ಉಪ್ಪು ಹಾಕ್ಬೇಕಿತ್ತು,” ಅಂದಳು. ತೊಳೆಯಲಿಲ್ಲ. ಅದೇ ಹುಳಿಯ ಮೇಲೆ ಉಳಿದ ಹುಳಿ ಸುರಿದು, ಹುರುಳಿಯ ಕಟ್ಟು ಬಸಿದು, ತಪ್ಪಲೆಯನ್ನು ಒಲೆಗೆ ಏರಿಸಿದಳು.

ಒಂದು ಗಂಟೆಯ ಊಟ ಎರಡು ಗಂಟೆಗೆ ಆಯಿತು. ಯಾರೂ ಬೈಯಲಿಲ್ಲ. ಗುಡಿಯ ಆಚೆ ಜಮಖಾನ ಹಾಸಿ, ಅಡಿಕೆ ಹಾಳೆಯ ತಟ್ಟೆ ಇಟ್ಟು ಸಾಲಾಗಿ ಕೂರಿಸಿದರು. ಬೆಳಿಗ್ಗೆಯಿಂದ ಚೊಂಬಿನ ಹೊಳಪು ನೋಡಿ ‘ಓಹ್’ ಅಂದ ಜನ ಈಗ ಮುದ್ದೆ ಮುರಿದು ಸಾರಿಗೆ ಅದ್ದಿ ಸೊರಸೊರ ಉಣ್ಣುತ್ತಿದ್ದರು. ತಪ್ಪಲೆಯ ಒಳಗೆ ಏನಿದೆ ಅಂತ ಯಾರೂ ಬಗ್ಗಿ ನೋಡಲಿಲ್ಲ. ಅದೇ ಸರಿ. ಉಣ್ಣುವವನಿಗೆ ಕಲಾಯಿಯ ನೆನಪು ಬರಬಾರದು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ, ಹೆಮ್ಮೆಗೆ ಎದೆ ಉಬ್ಬಿ ಕುಪ್ಪಸ ಬಿಗಿಯಾದಂತಾಗಿತ್ತು. ಮೂವತ್ತು ವರ್ಷ ಪಾಠ ಮಾಡಿದಾಗಲೂ ನನಗೆ ಹಾಗಾದದ್ದು ಕಡಿಮೆ.

ಸಿಂಗಟಗೆರೆಯವಳು ಸೌಟು ಹಿಡಿದು ಬಂದವಳೇ ಸಾಲು ಬಿಟ್ಟು ಮೊದಲು ಅಬ್ಬನ ಮುಂದೆ ನಿಂತಳು. ಬೆಳಿಗ್ಗೆ ಸಾಬ್ರೇ ಅಂದಿದ್ದವಳು, “ತಾತಾ, ತಟ್ಟೆ ಮುಂದಕ್ಕೆ ತನ್ನಿ” ಅಂದಳು. ಅಬ್ಬ ಎಂದಿನಂತೆ, ಚೀಲದಲ್ಲಿ ರೊಟ್ಟಿ ಇದೆ ಅನ್ನಲು ಬಾಯಿ ತೆರೆದರು. ನಾನು ಕಣ್ಣು ಕೆಕ್ಕರಿಸಿದೆ. ಬಾಯಿ ಮುಚ್ಚಿ ತಟ್ಟೆ ಚಾಚಿದರು.

ನಿಧಾನವಾಗಿ ಉಂಡರು. ಕೈ ನಡುಗಿ ಸಾರು ಲುಂಗಿಯ ಮೇಲೆ ಬಿತ್ತು, ಗಮನಿಸಲಿಲ್ಲ. ನಾನು ಪಕ್ಕದಲ್ಲಿ ಕೂತು ಕಾಯುತ್ತಿದ್ದೆ. ಕಲಾಯಿ ಹೇಗಿದೆ ಅಂತ ಈಗಲಾದರೂ ಒಂದು ಮಾತು ಆಡುತ್ತಾರೆ ಅಂತ. ತಟ್ಟೆ ಖಾಲಿಯಾಯಿತು. ಅಬ್ಬ ದೂರದಲ್ಲಿ ಬಡಿಸುತ್ತಿದ್ದವಳ ಕೈಯ ಕೆಳಗಿನ ತಪ್ಪಲೆಯನ್ನೇ ನೋಡುತ್ತಾ ಹೇಳಿದರು.

“ಇದರ ಹುಳಿ ಎಷ್ಟು ಸಲ ಕುಡಿದಿದೀನೋ ಲೆಕ್ಕ ಇಲ್ಲ. ಸಾರು ಇಷ್ಟು ರುಚಿ ಅಂತ ಗೊತ್ತಿರ್ಲಿಲ್ಲ ನನಗೆ.”

ಹೇಳಿ, ಎರಡೂ ಕೈಯಲ್ಲಿ ತಟ್ಟೆ ಎತ್ತಿ, ಹಳ್ಳಿಯ ಬೀದಿಯಲ್ಲಿ ಕಲಾಯಿ ಅಂತ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದರು.

“ತಾಯೀ, ಇಲ್ಲಿ! ಇನ್ನೊಂದು ಸೌಟು!”